ಖಾಲಿ ಗಾಡಾ ಮತ್ತು ಲೋಟಸ್ ಇಲೆವೆನ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆಯಿಂದ ಬಂದವರಿಗೆ ಜಾತ್ರೆಯ ಖಾಲಿ ಗಾಡಾ ಓಟ ಗೊತ್ತೇ ಇರ್ತದೆ. ಜೋಡೆತ್ತು, ಖಾಲಿ ಗಾಡಿ, ಒಂದು ನಿಮಿಷ. ಅಷ್ಟರಲ್ಲಿ ಯಾರ ಜೋಡಿ ಹೆಚ್ಚು ದೂರ ಹೋಗ್ತದೋ ಅವರು ಗೆದ್ದಂಗೆ. ಎತ್ತಿನ ಶಕ್ತಿ ಅಷ್ಟೇ ಇದ್ರೂ ಭಾರ ಇಳಿದ್ರೆ ಓಟ ಏರ್ತದೆ. ಫಸ್ಟ್ ಸೆಮ್‌ನಲ್ಲಿ ನಾವು ಬಾಯಿಪಾಠ ಮಾಡಿದ ನ್ಯೂಟನ್ನನ ಎರಡನೇ ನಿಯಮ ಇದೇ.

ಇದೇ ಮಾತನ್ನು ಹಟ ಹಿಡಿದು ಕಾರಿಗೆ ಹಚ್ಚಿದವರು ಇಂಗ್ಲೆಂಡಿನ ಕಾಲಿನ್ ಚಾಪ್‌ಮನ್. ಲಂಡನ್ನಿನಲ್ಲಿ ಸ್ಟ್ರಕ್ಚರಲ್ ಎಂಜಿನಿಯರಿಂಗ್ ಓದಿದವರು (ಸಿವಿಲ್ ಗೆಳೆಯರು ಕಾಲರ್ ಏರಿಸಬಹುದು). 1956ರಲ್ಲಿ ಅವರ ಕಂಪನಿ ತಂದ ರೇಸ್ ಕಾರು ಲೋಟಸ್ ಇಲೆವೆನ್.

ಎಂಜಿನ್ ಕಥೆ ಮಜಾ ಇದೆ. ಅದು ಕವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯದು, 1098 ಸಿಸಿ. ಮೂಲದಲ್ಲಿ ಬೆಂಕಿ ಆರಿಸುವ ಪಂಪಿನ ಎಂಜಿನ್! ಪಂಪನ್ನು ಜನ ಕೈಯಲ್ಲಿ ಹೊತ್ತೊಯ್ಯಬೇಕಿತ್ತು, ಅದಕ್ಕೇ ಹಗುರವಾಗಿ ಮಾಡಿದ್ದರು. ಮಲಪ್ರಭಾ ದಂಡೆಯ ಪಂಪ್‌ಸೆಟ್ ನೋಡಿ ಬೆಳೆದವರು ನಗಬೇಡಿ. ಸುಮಾರು 75 ಹಾರ್ಸ್‌ಪವರ್ ಕೊಡ್ತಿತ್ತು, ಇಡೀ ಕಾರಿನ ತೂಕ ಸುಮಾರು 450 ಕೆಜಿ. ಈಗಿನ ಸ್ವಿಫ್ಟ್‌ಗೂ ಹೆಚ್ಚುಕಮ್ಮಿ ಇಷ್ಟೇ ಪವರ್, ತೂಕ ಮಾತ್ರ ಸುಮಾರು ಎರಡು ಪಟ್ಟು.

ತೂಕ ಇಳಿದದ್ದು ಸ್ಪೇಸ್ ಫ್ರೇಮ್‌ನಿಂದ. ತೆಳು ಉಕ್ಕಿನ ಪೈಪುಗಳನ್ನು ತ್ರಿಕೋನಗಳಾಗಿ ಬೆಸೆದರೆ ಪ್ರತಿ ಪೈಪಿಗೂ ಮುಖ್ಯವಾಗಿ ಎಳೆತ ಅಥವಾ ಒತ್ತಡವೇ ಬೀಳ್ತದೆ, ಬಾಗುವ ಕಷ್ಟ ಕಡಿಮೆ. ಮೇಲೆ ಅಲ್ಯೂಮಿನಿಯಂ ಹೊದಿಕೆ.

ಆ ಹೊದಿಕೆಯ ಆಕಾರ ಕೊಟ್ಟವರು ಫ್ರಾಂಕ್ ಕಾಸ್ಟಿನ್, ಡಿ ಹ್ಯಾವಿಲ್ಯಾಂಡ್ ವಿಮಾನ ಕಂಪನಿಯ ಏರೋಡೈನಮಿಕ್ಸ್ ತಜ್ಞ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರಿದ್ರೆ, ಅದನ್ನು ಎದುರಿಸಲು ಬೇಕಾದ ಪವರ್ ಘನಕ್ಕೆ ತಕ್ಕಂತೆ ಏರ್ತದೆ. 60ರಿಂದ 120 ಕಿ.ಮೀ.ಗೆ ಹೋಗಬೇಕಾದ್ರೆ ಗಾಳಿಗಷ್ಟೇ ಎಂಟು ಪಟ್ಟು ಪವರ್! ಎತ್ತಿನ ಓಟದಲ್ಲಿ ಇದು ಲೆಕ್ಕಕ್ಕೇ ಬರೋದಿಲ್ಲ, ರೇಸ್ ಕಾರಿಗೆ ಇದೇ ದೊಡ್ಡ ವೈರಿ. ಅದಕ್ಕೇ ನೆಲಕ್ಕೆ ಅಂಟಿದಂಥ ಮೈ, ನುಣುಪಾದ ಮೂತಿ, ಡ್ರೈವರ್ ತಲೆಯ ಹಿಂದೆ ಮೀನಿನ ರೆಕ್ಕೆಯಂಥ ಉಬ್ಬು. 1956ರಲ್ಲಿ ಮೊಂಝಾದಲ್ಲಿ ಸ್ಟರ್ಲಿಂಗ್ ಮಾಸ್ ತಲೆಯ ಮೇಲೆ ಗುಳ್ಳೆಯಂಥ ಮುಚ್ಚಳ ಹಾಕಿದ ಇಲೆವೆನ್‌ನಲ್ಲಿ ಗಂಟೆಗೆ ಸುಮಾರು 230 ಕಿ.ಮೀ. ಸರಾಸರಿಯಲ್ಲಿ ಒಂದು ಸುತ್ತು ಹೊಡೆದರು.

1957ರ ಲೆ ಮಾನ್ಸ್ 24 ಗಂಟೆ ರೇಸಿನಲ್ಲಿ 1100 ಸಿಸಿ ವಿಭಾಗ ಗೆದ್ದ ಇಲೆವೆನ್‌ನ ಇಬ್ಬರು ಡ್ರೈವರ್‌ಗಳಲ್ಲಿ ಹರ್ಬರ್ಟ್ ಮ್ಯಾಕೆ-ಫ್ರೇಸರ್ ಒಬ್ಬರು. ಮೂರೇ ವಾರಕ್ಕೆ, ಫ್ರಾನ್ಸಿನ ರೀಮ್ಸ್‌ನಲ್ಲಿ, ಇನ್ನೊಂದು ಇಲೆವೆನ್ ಓಡಿಸುವಾಗ ತೀರಿಕೊಂಡರು. ಅದು ಹಗುರ ಮಾಡಿದ್ದಕ್ಕೇ ಆಯ್ತು ಅಂತ ನಾವು ಹೇಳ್ತಿಲ್ಲ. ಆದರೆ 1960ರಲ್ಲಿ ಬೆಲ್ಜಿಯಂನ ಸ್ಪಾದಲ್ಲಿ, ಒಂದೇ ದಿನದ ಪ್ರಾಕ್ಟೀಸ್‌ನಲ್ಲಿ, ಅದೇ ಕಂಪನಿಯ ಲೋಟಸ್ 18 ಎರಡು ಸಲ ಕೈಕೊಟ್ಟಿತು. ಮಾಸ್ ಕಾರಿನ ಚಕ್ರ ಕಳಚಿತು, ಮೈಕ್ ಟೇಲರ್ ಕಾರಿನ ಸ್ಟೀರಿಂಗ್ ಕಾಲಂ ಮುರಿಯಿತು. ಇಬ್ಬರೂ ಬದುಕಿದರು, ಟೇಲರ್ ಮತ್ತೆ ಆ ಮಟ್ಟದ ರೇಸಿಗೆ ಬರಲಿಲ್ಲ.

ಈಗ ನಮ್ಮ ಗೋ-ಕಾರ್ಟ್ ಟೀಮಿನಲ್ಲಿ ಫ್ರೇಮ್‌ನ ಐದು ಕೆಜಿ ಎಲ್ಲಿಂದ ಇಳಿಸೋದು ಅಂತ ಜಗಳ ನಡೆದಿದೆ. ಸೀಟ್ ಬ್ರಾಕೆಟ್ ಕೊರೀರಿ, ಬಂಪರ್ ಪೈಪ್ ತೆಳು ಮಾಡ್ರಿ, ಸ್ಟೀರಿಂಗ್ ಮುಟ್ಟಬ್ಯಾಡ್ರಿ ಅನ್ನೋದು ನಮ್ಮ ಪಕ್ಷ. ಆ ಸೀಟಿನಲ್ಲಿ ಕೂರೋದು ನಮ್ಮಲ್ಲೇ ಒಬ್ಬರು. ಶನಿವಾರ ವರ್ಕ್‌ಶಾಪ್‌ನಲ್ಲಿ ಮತ್ತೆ ತೂಕ ಹಾಕ್ತೀವಿ.