ಹುಲಿಯೂ ಸಾಂಬಾರೂ

ಹಲವು ವರ್ಷಗಳ ಹಿಂದಿನ ಮಾತು. ಇಂಗ್ಲಿಷಿನ ಒಂದು ಬೇಟೆಯ ಕಥೆಯನ್ನು ಕನ್ನಡಕ್ಕೆ ತರುವ ಕೆಲಸವನ್ನು ನಾನು ಒಪ್ಪಿಕೊಂಡಿದ್ದೆ. ಕಾಡನ್ನು ಕಂಡವನಲ್ಲ; ನಿಘಂಟನ್ನು ಮಾತ್ರ ಬಲ್ಲವನು. ಒಂದು ಸಂಜೆ ಬರೆದಷ್ಟನ್ನು ಮನೆಯಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. "ಹುಲಿಯು ಸಾಂಬಾರನ್ನು ಅರ್ಧ ತಿಂದು, ಉಳಿದುದನ್ನು ಪೊದೆಯಲ್ಲಿ ಬಚ್ಚಿಟ್ಟು ಹೋಯಿತು" ಎಂಬಲ್ಲಿಗೆ ಬಂದೆ. ಅಕ್ಕಿ ಆರಿಸುತ್ತಿದ್ದ ನನ್ನ ತಾಯಿ ತಲೆಯೆತ್ತಿ, "ಅನ್ನ ಇಲ್ಲದೆ ಬರೀ ಸಾಂಬಾರು ಹೇಗೆ ತಿಂತಪ್ಪಾ ಅದು?" ಎಂದು ಕೇಳಿದರು.

ಮಲೆನಾಡಿನಿಂದ ಬಂದಿದ್ದ ಸೋದರಮಾವ ನಗು ತಡೆಯಲಾರದೆ, "ಅದು ಕಡವೆ ಕಣೋ" ಎಂದರು. ಆ ಪದ ನನಗೆ ಅಂದು ಮೊದಲ ಬಾರಿಗೆ ದೊರೆಯಿತು.

ತಪ್ಪು ನನ್ನದೇ, ಆದರೆ ಅದಕ್ಕೆ ಒಂದು ಚರಿತ್ರೆಯುಂಟು. ಸಂಸ್ಕೃತದಲ್ಲಿ ಶಂಬರ ಎಂಬುದು ಒಂದು ಜಾತಿಯ ಜಿಂಕೆಯ ಹೆಸರು. ಅಮರಕೋಶದ ಮೃಗಗಳ ಪಟ್ಟಿಯಲ್ಲಿಯೂ ಅದಿದೆ. ಅದು ಹಿಂದಿಯಲ್ಲಿ ಸಾಂಬರ್ ಆಗಿ, ಬೇಟೆಗಾರರ ಇಂಗ್ಲಿಷನ್ನು ಸೇರಿ, ನನ್ನ ಮೇಜಿನ ಮೇಲೆ ಬಂದು ಕುಳಿತಿತ್ತು. ನಮ್ಮ ಅಡುಗೆಮನೆಯ ಸಾಂಬಾರಿನ ವಂಶವೇ ಬೇರೆ. ಸಾಮಗ್ರಿ ಎಂಬ ಅರ್ಥದ ಸಂಭಾರದಿಂದ ಮಸಾಲೆಯ ಸಂಬಾರ, ಅದರಿಂದ ಈ ಸಾಂಬಾರು. ಎರಡು ದಾರಿಗಳಿಂದ ಬಂದ ಎರಡು ಪದಗಳು ರೋಮನ್ ಲಿಪಿಯಲ್ಲಿ ಒಂದೇ ವೇಷ ತೊಟ್ಟು ನಿಂತವು. ನಾನು ಜಿಂಕೆಯನ್ನು ಒಲೆಯ ಮೇಲಿಟ್ಟೆ.

ಈ ಲಿಪಿಯ ಚೇಷ್ಟೆ ಇಷ್ಟಕ್ಕೇ ನಿಲ್ಲುವುದಿಲ್ಲ. ಹುಲಿ ಮತ್ತು ಹುಳಿ ನಮಗೆ ಎರಡು ಬೇರೆ ಲೋಕಗಳು. ಒಂದು ಕಾಡಿನದು, ಒಂದು ಹುಣಸೆಹಣ್ಣಿನದು. ಲಕಾರ ಳಕಾರಗಳ ನಡುವಿನ ಗೆರೆ ಅಳಿಸಿತೆಂದರೆ, ಹುಳಿಯನ್ನ ಉಂಡವನು ಹುಲಿಯನ್ನೇ ಉಂಡ ಶೂರನಾಗುತ್ತಾನೆ. ತಮಿಳಿನಲ್ಲಿಯೂ ಹುಲಿಗೂ ಹುಣಸೆಗೂ ಇರುವ ಅಂತರ ಇಷ್ಟೇ. ನಾಲಿಗೆ ಒಂದಿಷ್ಟು ಹಿಂದಕ್ಕೆ ಮಡಿಸಿದರೆ ಪ್ರಾಣ ಉಳಿಯಿತು!

ಪರಲಿಪಿಯನ್ನೇ ದೂರಿ ಪ್ರಯೋಜನವಿಲ್ಲ. ನಮ್ಮ ಹಳೆಯ ಕಾವ್ಯಗಳ ಓದಿನಲ್ಲಿಯೂ ಇಂಥ ಗುಂಡಿಗಳಿವೆ. ಕರಿ ಎಂದರೆ ಕನ್ನಡಕ್ಕೆ ಕಪ್ಪು. ಸಂಸ್ಕೃತಕ್ಕೆ ಆನೆ, ಸೊಂಡಿಲೆಂಬ ಕರವುಳ್ಳದ್ದು. ಆನೆಗಳ ಹಿಂಡಾದ ಕರಿಘಟೆಯನ್ನು ವಿದ್ಯಾರ್ಥಿಯೊಬ್ಬ "ಕಪ್ಪು ಗಡಿಗೆ" ಎಂದು ಬಿಡಿಸಿದುದನ್ನು ನಾನು ಕಂಡಿದ್ದೇನೆ. ರಣರಂಗದಲ್ಲಿ ಗಡಿಗೆಗಳು ಘೀಳಿಟ್ಟುದನ್ನು ಆತ ಸಂದೇಹಿಸಲಿಲ್ಲ. ಇನ್ನು ಮೃಗ. ಸಂಸ್ಕೃತದಲ್ಲಿ ಅದು ಕಾಡುಪ್ರಾಣಿಯೂ ಹೌದು, ಜಿಂಕೆಯೂ ಹೌದು. ಕನ್ನಡದ ಮಾತಿನಲ್ಲಿ ಕ್ರೂರ ಜಂತುವೇ ಮುಂದೆ ಬರುತ್ತದೆ. ಹೀಗಾಗಿ ಮೃಗನಯನೆ ಅಜಾಗರೂಕ ಅನುವಾದಕನ ಕೈಯಲ್ಲಿ ಹುಲಿಗಣ್ಣಿನವಳಾಗುವ ಅಪಾಯವುಂಟು. ಕವಿ ಕಂಡದ್ದು ಹೆದರಿದ ಹರಿಣಿಯ ಕಣ್ಣನ್ನು. ಓದುಗ ಹೆದರುವುದು ಆ ಚೆಲುವೆಯನ್ನು ಕಂಡು.

ಹೊರಗಿನವರ ಕಥೆಯೂ ಭಿನ್ನವಲ್ಲ. ಹೀಬ್ರೂ ಬೈಬಲಿನಲ್ಲಿ ರೇಮ್ ಎಂಬ ಬಲಶಾಲಿ ಪ್ರಾಣಿಯೊಂದಿದೆ. ಪ್ರಾಚೀನ ಗ್ರೀಕ್ ಅನುವಾದಕರು ಅದನ್ನು ಒಂಟಿಕೊಂಬಿನ ಪ್ರಾಣಿ ಎಂದು ಕರೆದರು. 1611ರ ಇಂಗ್ಲಿಷ್ ಬೈಬಲಿನಲ್ಲಿಯೂ ಅದು ಯೂನಿಕಾರ್ನ್ ಆಗಿಯೇ ನಿಂತಿತು. 1885ರ ಪರಿಷ್ಕರಣದಲ್ಲಿ ಅದು ಕಾಡೆತ್ತಾಗಿ ನೆಲಕ್ಕಿಳಿಯಿತು. ಎಲ್ಲಿಯೂ ಇಲ್ಲದ ಪ್ರಾಣಿಯೊಂದು ಅಷ್ಟು ಕಾಲ ಪವಿತ್ರ ಗ್ರಂಥದಲ್ಲಿ ಮೇಯುತ್ತಿತ್ತು.

ನನ್ನ ತಪ್ಪು ಇದಕ್ಕೆ ವಿರುದ್ಧವಾದದ್ದು. ಯೋಚಿಸಿದರೆ ಅದೇ ಹೆಚ್ಚು ಘೋರವೆನಿಸುತ್ತದೆ. ನಮ್ಮ ಕಾಡಿನಲ್ಲಿ ಇಂದಿಗೂ ಇರುವ ಪ್ರಾಣಿಗೆ ನಮ್ಮ ಭಾಷೆಯಲ್ಲಿಯೇ ಇರುವ ಹೆಸರನ್ನು ನಾನು ಅಳಿಸುವುದರಲ್ಲಿದ್ದೆ. ಹಾಸ್ಯದ ತಪ್ಪನ್ನು ಯಾರಾದರೂ ನಕ್ಕು ತಿದ್ದುತ್ತಾರೆ. ನಗು ಬಾರದಿದ್ದರೆ? "ಸಾಂಬಾರ್ ಜಿಂಕೆ" ಎಂದು ಜಾಣತನದಿಂದ ಬರೆದಿದ್ದರೆ ತಾಯಿ ತಲೆಯೆತ್ತುತ್ತಿರಲಿಲ್ಲ, ಮಾವ ಬಾಯಿಬಿಡುತ್ತಿರಲಿಲ್ಲ. ಕಡವೆ ಮಲೆನಾಡಿನಲ್ಲಿಯೇ ಉಳಿದುಬಿಡುತ್ತಿತ್ತು. ಅದರ ಹೆಸರಿಗೆ ನನ್ನ ಪುಟದಲ್ಲಿ ಎಡೆಯಿರುತ್ತಿರಲಿಲ್ಲ.

ಅಂದು ರಾತ್ರಿ ದೀಪದ ಮುಂದೆ ಕುಳಿತು ಹಸ್ತಪ್ರತಿಯನ್ನು ಮೊದಲಿನಿಂದ ತಿರುವಿದೆ. ಸಾಂಬಾರು ಇದ್ದೆಡೆಯಲ್ಲೆಲ್ಲ ಹೊಡೆದುಹಾಕಿ ಕಡವೆ ಎಂದು ಬರೆದೆ. ಅಂದಿನಿಂದ ಯಾವ ಅನುವಾದವನ್ನೂ ಮನೆಯವರ ಮುಂದೆ ಒಮ್ಮೆ ಗಟ್ಟಿಯಾಗಿ ಓದದೆ ಅಚ್ಚಿಗೆ ಕೊಟ್ಟವನಲ್ಲ.