ಪರಊರಿನ ಆಟದ ಖರ್ಚು, ಆಟಗಾರನ ಪಗಾರ



ನಮ್ಮ ತಾರ್ನಾಕದ ವಾಚನಾಲಯದಲ್ಲಿ ಭಾನುವಾರ ಬೆಳಗ್ಗೆ ಪತ್ರಿಕೆಯ ಆಟದ ಪುಟಕ್ಕೇ ಮೊದಲು ಕೈಹಾಕುವವರು ನಾಲ್ಕಾರು ಮಂದಿ ಇದ್ದಾರೆ. ಇವರಿಗೆ ಕಾಲ್ಚೆಂಡಿನ ಹುಚ್ಚು. ಈಚೆಗೆ ಇವರಲ್ಲಿ ಇಬ್ಬರಿಗೆ ಮಾತು ಬೆಳೆದು, ಸದ್ದಿಲ್ಲದಿರಬೇಕಾದ ಕೋಣೆಯಲ್ಲಿ ಗದ್ದಲವೇ ಆಯಿತು.

"ಬೆಂಗಳೂರಿಗೆ ಹೋಗಿ ಒಂದು ಆಟ ನೋಡಿ ಬರ್ತೀನಿ ಅಂದ್ರ ವಾರದ ಪಗಾರ ಹೋಗ್ತದ್ರಿ. ಅಷ್ಟು ಹುಚ್ಚು ಯಾಕ್ರಿ?" ಎಂದರು ರಾಯಚೂರು ಕಡೆಯ ಮಿತ್ರರು.

"ನಮ್ಮ ಖರ್ಚು ಬಿಡಿ ಮಾರಾಯ್ರೇ. ಕ್ಲಬ್ಬಿನವರು ಒಬ್ಬೊಬ್ಬ ಆಟಗಾರನಿಗೆ ಎಷ್ಟು ಸುರಿಯುತ್ತಾರೆ, ಅದನ್ನು ಕೇಳಿ" ಎಂದರು ಮಂಗಳೂರು ಕಡೆಯವರು.

ನಾನು ಗಿರಣಿಯಲ್ಲಿ ಹಾಜರಿ ಮತ್ತು ಪಗಾರದ ಪಟ್ಟಿ ಬರೆಯುವವನು, ಆಟದ ಪಂಡಿತನಲ್ಲ. ಆದರೆ ಎರಡೂ ಲೆಕ್ಕದ ಪ್ರಶ್ನೆಗಳೇ ಆದ್ದರಿಂದ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಹಿಂದಿನ ಪದ್ಧತಿ

ಹೈದರಾಬಾದು ಕಾಲ್ಚೆಂಡಿಗೆ ಹೊಸ ಊರಲ್ಲ. ಇಲ್ಲಿಯ ಸಿಟಿ ಪೊಲೀಸ್ ತಂಡವು 1950ರಿಂದ 1954ರವರೆಗೆ ಐದು ವರ್ಷ ಸತತವಾಗಿ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಅದರ ಗುರು ಸೈಯದ್ ಅಬ್ದುಲ್ ರಹೀಮರು. 1956ರ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಭಾರತಕ್ಕೆ ನಾಲ್ಕನೆಯ ಸ್ಥಾನ, 1962ರ ಜಕಾರ್ತದ ಏಷ್ಯನ್ ಆಟಗಳಲ್ಲಿ ಚಿನ್ನದ ಪದಕ ಬಂದದ್ದು ಇವರ ಕೈಕೆಳಗೇ.

ಆ ಕಾಲದ ಆಟಗಾರರು ಹೆಸರಿಗೆ ಹವ್ಯಾಸಿಗಳು. ಪೊಲೀಸ್, ರೈಲ್ವೆ, ಕಾರ್ಖಾನೆ ಎಂದು ಎಲ್ಲಾದರೂ ನೌಕರಿ ಇರುತ್ತಿತ್ತು. ಹೊಟ್ಟೆ ತುಂಬಿಸುವುದು ಆ ನೌಕರಿಯ ಸಂಬಳ. ಬೆಂಗಳೂರಿನ ಎಚ್.ಎ.ಎಲ್., ಐ.ಟಿ.ಐ. ತಂಡಗಳೂ ಹೀಗೆಯೇ ಬೆಳೆದವು. ದುಡ್ಡು ಹೆಚ್ಚಿರಲಿಲ್ಲ. ಆದರೆ ಮೊಣಕಾಲು ಕೈಕೊಟ್ಟ ಮೇಲೂ ನೌಕರಿ ಉಳಿಯುತ್ತಿತ್ತು.

ತಾರ್ನಾಕಕ್ಕೆ ಬಹಳ ದೂರವಲ್ಲದ ಅಮ್ಮುಗುಡದ ತುಳಸೀದಾಸ್ ಬಲರಾಮರ ಸಂಗತಿ ಇಲ್ಲಿ ಹೇಳಬೇಕು. ಬಡ ಹುಡುಗ, ಅಭ್ಯಾಸಕ್ಕೆ ಹೈದರಾಬಾದಿಗೆ ಹೋಗಿಬರಲು ಕಾಸಿಲ್ಲ. ರಹೀಮರು ಬಾಡಿಗೆ ಸೈಕಲ್ಲಿಗೆ ತಾವೇ ಹಣ ಕೊಟ್ಟರೆಂದು ಬಲರಾಮರು ಮುಂದೆ ನೆನೆದಿದ್ದಾರೆ. ಆ ಹುಡುಗ 1957ರಲ್ಲಿ ಕಲ್ಕತ್ತದ ಈಸ್ಟ್ ಬೆಂಗಾಲ್ ಸೇರಿದರು, ಎರಡು ಒಲಿಂಪಿಕ್ಸ್ ಆಡಿದರು, 1962ರ ಚಿನ್ನದ ತಂಡದಲ್ಲಿದ್ದರು. 2023ರಲ್ಲಿ ತೀರಿಕೊಂಡರು. ಆಟಗಾರನ ಮೇಲೆ ಮಾಡಿದ ಖರ್ಚುಗಳಲ್ಲಿ ಈ ಸೈಕಲ್ಲಿನ ಬಾಡಿಗೆಯಷ್ಟು ಫಲ ಕೊಟ್ಟದ್ದು ಬೇರೆ ಇದೆಯೋ ಇಲ್ಲವೋ!

ಈಗಿನ ಪದ್ಧತಿ

ಈಗ ಆಟವೇ ಉದ್ಯೋಗ. ಕ್ಲಬ್ಬು ಆಟಗಾರನೊಡನೆ ಎರಡು ಮೂರು ವರ್ಷದ ಕರಾರು ಮಾಡಿಕೊಳ್ಳುತ್ತದೆ. ಇಲ್ಲಿ ಎರಡು ಬಗೆಯ ಹಣವನ್ನು ಬೇರೆಬೇರೆಯಾಗಿ ತಿಳಿಯಬೇಕು. ಕರಾರು ಮುಗಿಯುವ ಮೊದಲೇ ಆಟಗಾರನನ್ನು ಬಿಟ್ಟುಕೊಡಲು ಹಳೆಯ ಕ್ಲಬ್ಬಿಗೆ ಹೊಸ ಕ್ಲಬ್ಬು ಕೊಡುವುದು ವರ್ಗಾವಣೆಯ ಹಣ. ಆಟಗಾರನ ಕೈಗೆ ಬರುವುದು ಸಂಬಳ. 2017ರಲ್ಲಿ ನೇಮಾರ್ ಎಂಬ ಬ್ರೆಜಿಲಿನ ಆಟಗಾರನಿಗಾಗಿ ಪ್ಯಾರಿಸ್ಸಿನ ಕ್ಲಬ್ಬು ಬಾರ್ಸಿಲೋನಾಕ್ಕೆ 22 ಕೋಟಿ 20 ಲಕ್ಷ ಯೂರೋ ಕೊಟ್ಟಿತು. ನಮ್ಮ ದೇಶದಲ್ಲಿ ಅಂಥ ಮೊತ್ತವಿಲ್ಲ. ಇಲ್ಲಿಯ ದೊಡ್ಡ ಖರ್ಚು ಸಂಬಳದ್ದೇ.

ಈ ಖರ್ಚು ಮಿತಿಮೀರದಂತೆ ಇಂಡಿಯನ್ ಸೂಪರ್ ಲೀಗಿನವರು ಒಂದು ಕಟ್ಟು ಮಾಡಿದರು. ಒಂದು ಋತುವಿಗೆ ಇಡೀ ತಂಡದ ಸಂಬಳ ಇಷ್ಟನ್ನು ಮೀರಬಾರದು ಎಂದು. ಕೆಲವು ವರ್ಷ ಈ ಮಿತಿ 16.5 ಕೋಟಿ ರೂಪಾಯಿ ಇತ್ತು. ಇಪ್ಪತ್ತೈದು ಮಂದಿಗೆ ಸಮವಾಗಿ ಹಂಚಿದರೆ ತಲೆಗೆ 66 ಲಕ್ಷ. ಆದರೆ ಯಾರೂ ಸಮವಾಗಿ ಹಂಚುವುದಿಲ್ಲ. ಹೆಸರಾದವರಿಗೆ, ಹೊರದೇಶದವರಿಗೆ ದೊಡ್ಡ ಪಾಲು, ಬೆಂಚಿನ ಮೇಲೆ ಕೂರುವ ಹುಡುಗನಿಗೆ ಚಿಕ್ಕ ಪಾಲು.

ಕ್ಲಬ್ಬಿಗೆ ಈ ಹಣ ಬರುವುದೆಲ್ಲಿಂದ? ಟಿಕೆಟ್ಟು, ಅಂಗಿಯ ಮೇಲಿನ ಜಾಹೀರಾತು, ಲೀಗಿನಿಂದ ಬರುವ ಪಾಲು ಇವು ಮೂರು. ಇವು ಖರ್ಚಿಗೆ ಸಾಲದಾದಾಗ ಕೊರತೆಯನ್ನು ಮಾಲೀಕನ ಜೇಬು ತುಂಬಬೇಕು. ಮೇಲೆ ಹೇಳಿದ ಕಟ್ಟು ಸಂಬಳ ಹೆಚ್ಚಾಗದಂತೆ ತಡೆಯುತ್ತದೆ. ಸಂಬಳ ಬಾಕಿ ಬೀಳದಂತೆ ತಡೆಯುವುದಿಲ್ಲ.

ಹೈದರಾಬಾದಿನ ತಂಡದ ಕಥೆ

ಇದಕ್ಕೆ ಉದಾಹರಣೆಯನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. 2019ರಲ್ಲಿ ಹೈದರಾಬಾದ್ ಎಫ್.ಸಿ. ಹುಟ್ಟಿತು, ಗಚ್ಚಿಬೌಲಿಯ ಬಾಲಯೋಗಿ ಕ್ರೀಡಾಂಗಣ ಅದರ ಮನೆ. 2022ರ ಮಾರ್ಚ್ 20ರಂದು ಗೋವೆಯ ಫತೋರ್ಡದಲ್ಲಿ ಅದು ಕೇರಳ ಬ್ಲಾಸ್ಟರ್ಸ್ ತಂಡವನ್ನು ಸೋಲಿಸಿ ಲೀಗಿನ ಕಪ್ಪನ್ನು ಗೆದ್ದಿತು. ಆಟ 1-1 ಸಮವಾಗಿ, ಪೆನಾಲ್ಟಿಗಳಲ್ಲಿ 3-1. ಮೂರು ಪೆನಾಲ್ಟಿಗಳನ್ನು ತಡೆದವರು ಗೋವೆಯ ಲಕ್ಷ್ಮೀಕಾಂತ ಕಟ್ಟೀಮನಿ. ಆ ಅಡ್ಡಹೆಸರು ಕೇಳಿ ಉತ್ತರ ಕರ್ನಾಟಕದ ನಮ್ಮ ಮಿತ್ರರಿಗೆ ಆದ ಹಿಗ್ಗು ಅಷ್ಟಿಷ್ಟಲ್ಲ. ಮರುವರ್ಷ ಲೀಗಿನ ಪಟ್ಟಿಯಲ್ಲಿ ತಂಡಕ್ಕೆ ಎರಡನೆಯ ಸ್ಥಾನ.

ಆಮೇಲೆ ಬಾಕಿ ಬಿದ್ದ ಸಂಬಳದ ಸುದ್ದಿ ಬಂತು. ಆಟಗಾರರ ಬಾಕಿ ತೀರಿಸದ ಕ್ಲಬ್ಬು ಹೊಸಬರನ್ನು ಸೇರಿಸಿಕೊಳ್ಳಬಾರದೆಂದು ವಿಶ್ವ ಸಂಸ್ಥೆಯಾದ ಫಿಫಾ ತಡೆಹಾಕುತ್ತದೆ. ಆ ತಡೆ ಇವರ ಮೇಲೂ ಬಿತ್ತು. ಇದ್ದವರು ಒಬ್ಬೊಬ್ಬರಾಗಿ ಹೊರಟರು. 2023-24ರಲ್ಲಿ 22 ಆಟಗಳಲ್ಲಿ ಗೆದ್ದದ್ದು ಒಂದೇ. ಪಟ್ಟಿಯಲ್ಲಿ ಕೊನೆಯ ಸ್ಥಾನ. ಬಳಿಕ ಮಾಲೀಕರು ಬದಲಾದರು. 2025ರಲ್ಲಿ ತಂಡವನ್ನೇ ದೆಹಲಿಗೆ ಒಯ್ದು ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂದು ಹೆಸರಿಟ್ಟರು. ಕಪ್ಪು ಗೆದ್ದು ನಾಲ್ಕು ವರ್ಷ ತುಂಬುವ ಮೊದಲೇ ಊರಿಗೆ ಸೂಪರ್ ಲೀಗಿನ ತಂಡವಿಲ್ಲ.

ನಮ್ಮ ಬೆಂಗಳೂರಿನ ಸ್ಥಿತಿಯಾದರೂ ನಿಶ್ಚಿಂತೆಯದಲ್ಲ. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ಮೊದಲ ವರ್ಷವೇ ಐ-ಲೀಗ್ ಗೆದ್ದಿತು, 2016ರಲ್ಲಿ ಎ.ಎಫ್.ಸಿ. ಕಪ್ಪಿನ ಅಂತಿಮ ಆಟಕ್ಕೇರಿತು. 2019ರಲ್ಲಿ ಸೂಪರ್ ಲೀಗನ್ನೂ ಗೆದ್ದಿತು. ಅದರ ನಾಯಕರಾಗಿದ್ದ ಸುನಿಲ್ ಛೇತ್ರಿ ಹುಟ್ಟಿದ್ದು ನಮ್ಮ ಪಕ್ಕದ ಸಿಕಂದರಾಬಾದಿನಲ್ಲೇ. ಅಂಥ ಕ್ಲಬ್ಬು ಕೂಡ 2025ರ ಆಗಸ್ಟಿನಲ್ಲಿ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ತಡೆಹಿಡಿಯುವುದಾಗಿ ಪ್ರಕಟಿಸಿತು. ಲೀಗು ನಡೆಸುವವರಿಗೂ ಅಖಿಲ ಭಾರತ ಸಂಸ್ಥೆಗೂ ಇದ್ದ ಕರಾರು ಆ ಡಿಸೆಂಬರಿಗೆ ಮುಗಿಯಲಿದ್ದು, ಮುಂದೆ ಆಟವೇ ಉಂಟೋ ಇಲ್ಲವೋ ಎಂಬ ಅನುಮಾನವಿತ್ತು.

ನಾನು ಮೊದಲು ದುಡಿದ ಒಂದು ಗಿರಣಿಯಲ್ಲಿ ಹೀಗೇ ಆಗಿತ್ತು. ಹೆಸರು ಬೇಡ. ಮೂರು ತಿಂಗಳು ಹಾಜರಿಯ ಕಾಲಂ ತುಂಬಿಸಿದೆ, ಪಗಾರದ ಕಾಲಂ ಖಾಲಿ ಬಿಟ್ಟೆ. ಮೊದಲು ಬಿಟ್ಟುಹೋದವರು ಒಳ್ಳೆಯ ಕೆಲಸಗಾರರು. ಅವರಿಗೆ ಬೇರೆ ಕಡೆ ಕೆಲಸ ಸಿಗುತ್ತಿತ್ತು. ಕೊನೆಗೆ ಉಳಿದವರು ಹಮಾಲರು ಮತ್ತು ಕಸ ಗುಡಿಸುವವರು. ಕ್ಲಬ್ಬಿನಲ್ಲೂ ಹೆಸರಾದ ಆಟಗಾರ ಬೇರೆಡೆ ಹೋಗಿಯಾನು. ಹುಲ್ಲು ಕತ್ತರಿಸುವವನು, ಅಂಗಿ ಒಗೆಯುವವನು ಎಲ್ಲಿಗೆ ಹೋದಾನು? ಕೋಟಿಯ ಸಂಬಳವನ್ನು ಟೀಕಿಸುವ ಮಂಗಳೂರಿನ ಮಿತ್ರರು ಇದನ್ನೂ ಮನಸ್ಸಿಗೆ ತಂದುಕೊಳ್ಳಬೇಕು.

ಪ್ರೇಕ್ಷಕನ ಲೆಕ್ಕ

ಇನ್ನು ರಾಯಚೂರಿನವರ ಪ್ರಶ್ನೆ. ಬೆಂಗಳೂರು ತಂಡ ಗಚ್ಚಿಬೌಲಿಗೆ ಬರುತ್ತಿದ್ದಾಗ ತಾರ್ನಾಕದಿಂದ ರಾಯದುರ್ಗದವರೆಗೆ ಮೆಟ್ರೋ, ಅಲ್ಲಿಂದ ಬಸ್ಸು ಅಥವಾ ಆಟೋ, ರಾತ್ರಿ ಮನೆಗೆ. ಈಗ ಊರಿಗೆ ಸೂಪರ್ ಲೀಗಿನ ತಂಡವಿಲ್ಲದ್ದರಿಂದ ನಾವೇ ಪರಊರಿಗೆ ಹೋಗಬೇಕು. ಕಾಚಿಗುಡದಲ್ಲಿ ಸಂಜೆ ರೈಲು ಹತ್ತಿದರೆ ಬೆಳಗ್ಗೆ ಬೆಂಗಳೂರು. ಕಂಠೀರವ ಕ್ರೀಡಾಂಗಣಕ್ಕೆ ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣ ಹತ್ತಿರ. ಇಲ್ಲಿಯವರೆಗೆ ತೊಂದರೆಯಿಲ್ಲ. ತೊಂದರೆ ಇರುವುದು ಹಿಂತಿರುಗುವಾಗ. ಟೆಲಿವಿಷನ್ನಿನ ಅನುಕೂಲಕ್ಕಾಗಿ ಆಟವನ್ನು ಹೆಚ್ಚಾಗಿ ರಾತ್ರಿ ಇಡುತ್ತಾರೆ. ಅದು ಮುಗಿಯುವಷ್ಟರಲ್ಲಿ ಸಂಜೆಯ ರೈಲು ಹೋಗಿರುತ್ತದೆ. ತಡರಾತ್ರಿಯ ಬಸ್ಸು ಹಿಡಿದರೂ ಮರುದಿನದ ಹಾಜರಿ ಹೋಯಿತೆಂದೇ ಲೆಕ್ಕ. ಟಿಕೆಟ್ಟಿಗಿಂತ ಆ ಹಾಜರಿಯೇ ನಮ್ಮಂಥವರಿಗೆ ದುಬಾರಿ. ಆದ್ದರಿಂದ ಮರುದಿನ ರಜೆಯಿರುವ ಆಟವನ್ನೇ ಆರಿಸಿಕೊಳ್ಳುವುದು ಜಾಣತನ.

ಹಣ ಉಳಿಸಲೆಂದು ಮೋಟಾರ್ ಸೈಕಲ್ಲಿನಲ್ಲಿ ರಾತ್ರಿ ಪ್ರಯಾಣ ಮಾಡುವುದು ಮಾತ್ರ ಬೇಡ. 2022ರ ಗೋವೆಯ ಆಟಕ್ಕೆ ಬೈಕಿನಲ್ಲಿ ಹೊರಟ ಮಲಪ್ಪುರದ ಇಬ್ಬರು ಯುವಕರು ಕಾಸರಗೋಡಿನ ಉದುಮದ ಬಳಿ ಅಪಘಾತದಲ್ಲಿ ತೀರಿಕೊಂಡರು. ಅವರ ತಂಡ ಸೋತದ್ದೂ ಅವರಿಗೆ ತಿಳಿಯಲಿಲ್ಲ.

ಬೇರೆ ದೇಶಗಳಲ್ಲಿ ಪ್ರೇಕ್ಷಕರ ಕಷ್ಟಕ್ಕೆ ಸ್ವಲ್ಪವಾದರೂ ಬೆಲೆ ಬಂದಿದೆ. ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ ಅಭಿಮಾನಿಗಳ ಒತ್ತಾಯದಿಂದ, 2016-17ರ ಋತುವಿನಿಂದ ಪರಊರಿನ ಪ್ರೇಕ್ಷಕರ ಟಿಕೆಟ್ಟು 30 ಪೌಂಡನ್ನು ಮೀರಬಾರದೆಂದು ನಿಯಮವಾಯಿತು. ಜರ್ಮನಿಯಲ್ಲಿ, ಕೆಲವು ವಿನಾಯಿತಿ ಬಿಟ್ಟರೆ, ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಮತ ಸದಸ್ಯರದೇ. ಅಲ್ಲಿ ಒಬ್ಬ ಮಾಲೀಕ ರಾತ್ರೋರಾತ್ರಿ ತಂಡವನ್ನು ಬೇರೆ ಊರಿಗೆ ಸಾಗಿಸುವುದು ಸುಲಭವಲ್ಲ. ನಾವೂ ಕ್ಲಬ್ಬಿನವರನ್ನು ಕೇಳಬೇಕಾದದ್ದು "ಯಾರನ್ನು ಕೊಂಡಿರಿ?" ಎಂದಷ್ಟೇ ಅಲ್ಲ, "ಇದ್ದವರಿಗೆ ತಿಂಗಳಿಗೆ ಸರಿಯಾಗಿ ಕೊಟ್ಟಿರಾ?" ಎಂದು.

ಇಷ್ಟನ್ನೂ ಇಬ್ಬರು ಮಿತ್ರರಿಗೆ ಓದಿ ತೋರಿಸಿದೆ. ರಾಯಚೂರಿನವರು, "ಹಂಗಾರ ಹತ್ತು ಮಂದಿ ಕೂಡಿ ಹೋದ್ರ ಖರ್ಚು ಕಡಿಮಿ ಆಗ್ತದೇನ್ರಿ?" ಎಂದು ಕೇಳಿದರು. ರೈಲಿನ ದರ ಇಳಿಯದು. ಉಳಿಯುವ ಕೋಣೆ, ಆಟೋ, ಬುತ್ತಿ ಇವುಗಳಲ್ಲಿ ಉಳಿತಾಯವಾದೀತು ಎಂದೆ. ಬೆಂಗಳೂರಿನ ಮುಂದಿನ ರಜಾದಿನದ ಆಟಕ್ಕೆ ಹೊರಡುವವರು ವಾಚನಾಲಯದ ಮೇಜಿನ ಮೇಲಿರುವ ಪುಸ್ತಕದಲ್ಲಿ ಹೆಸರು ಬರೆಯಬೇಕಾಗಿ ವಿನಂತಿ. ಮೊದಲ ಹೆಸರು ರಾಯಚೂರಿನವರದೇ.