ಅನುಗ್ರಹ, ತಗಾವಿ, ಸಹಾಯಧನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲ್ಲೂಕುಗಳ ಎರೆನೆಲದಲ್ಲಿ ಅರಸುತನವು ಒಕ್ಕಲಿಗನಿಗೆ ಕೊಡುವ ಹಣಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಹೆಸರುಗಳು ಬಂದಿವೆ. ಮುಂಬಯಿ ಆಧಿಪತ್ಯದಲ್ಲಿ ಅದು ತಗಾವಿ. ಇಂದು ಸಹಾಯಧನ, ಪರಿಹಾರ, ಸಮ್ಮಾನ. ಈ ಶಬ್ದಗಳ ಅರ್ಥವನ್ನು ವಿಚಾರಿಸಿದರೆ ಕೊಡುವವನ ಮನೋಧರ್ಮವೂ ತಿಳಿದುಬರುವುದು.

ತಗಾವಿಯೆಂಬುದು ಅರಬ್ಬೀ ಮೂಲದ ಶಬ್ದ. ಬಲಪಡಿಸುವಿಕೆಯೆಂದು ಅದರ ಅರ್ಥ. 1876-78ರ ಘೋರ ಕ್ಷಾಮದ ತರುವಾಯ, ಬಾವಿ ಒಡ್ಡುಗಳಿಗಾಗಿ 1883ರಲ್ಲಿಯೂ ಬೀಜ ಎತ್ತುಗಳಿಗಾಗಿ 1884ರಲ್ಲಿಯೂ ಸಾಲದ ಶಾಸನಗಳು ಹುಟ್ಟಿದುವು. ಹೆಸರು ಬಲದ್ದಾದರೂ ವಸ್ತು ಸಾಲವೇ. ತೀರಿಸದವನಿಂದ ಅದನ್ನು ಭೂಕಂದಾಯದ ಬಾಕಿಯಂತೆ ವಸೂಲುಮಾಡಲು ಅಧಿಕಾರವಿದ್ದಿತು.

ಕೌಟಿಲ್ಯನು ಜನಪದನಿವೇಶ ಪ್ರಕರಣದಲ್ಲಿ ಅನುಗ್ರಹ, ಪರಿಹಾರ ಎಂಬೆರಡನ್ನು ಬೇರ್ಪಡಿಸಿರುವನು. ಧಾನ್ಯ, ಪಶು, ಹಣಗಳನ್ನು ಕೊಟ್ಟು, ರೈತರು ಸುಖವಾಗಿ ಹಿಂದಿರುಗಿಸುವಂತೆ ಮಾಡುವುದು ಅನುಗ್ರಹ. ತೆರಿಗೆಯನ್ನು ಬಿಡುವುದು ಪರಿಹಾರ. ಕನ್ನಡ ಶಾಸನಗಳ ಸರ್ವಬಾಧಾಪರಿಹಾರದಲ್ಲಿಯೂ ಈ ಹಳೆಯ ಅರ್ಥವೇ ಉಂಟು. ಇಂದಿನ ಬರಪರಿಹಾರವಾದರೋ ನಷ್ಟಕ್ಕೆ ಕೊಡುವ ಹಣ. ಬಿಡುವುದು ಹೋಗಿ ಕೊಡುವುದು ಬಂದಿರುವುದು ಈ ಶಬ್ದದ ವಿಚಿತ್ರ ಚರಿತ್ರೆ.

ಅಮರಸಿಂಹನು ಮಳೆಯನ್ನೇ ನಂಬಿದ ನಾಡನ್ನು ದೇವಮಾತೃಕವೆಂದೂ ಹೊಳೆಯ ನೀರಿನಿಂದ ಬೆಳೆಯುವುದನ್ನು ನದೀಮಾತೃಕವೆಂದೂ ಕರೆದನು. ಕೃಷ್ಣೆ ಭೀಮೆಯರ ನಡುವಿನ ಈ ತಾಲ್ಲೂಕುಗಳಲ್ಲಿ ಎರಡೂ ಉಂಟು: ಆಲಮಟ್ಟಿಯ ಕಾಲುವೆ ಮುಟ್ಟಿದ ಹೊಲವೊಂದು, ಹಿಂಗಾರಿ ಜೋಳಕ್ಕೆ ಮುಗಿಲನ್ನು ನೋಡುವ ಹೊಲವಿನ್ನೊಂದು. 2022ರಲ್ಲಿ ಗೊತ್ತುಮಾಡಿದ ವಿಪತ್ತು ನಿಧಿಯ ನಿಯಮವೂ ಇದೇ ಭೇದವನ್ನು ಎಣಿಸಿತು: ಮಳೆಯಾಶ್ರಯದ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000, ಬೆಳೆ ಮೂರರಲ್ಲೊಂದು ಪಾಲಾದರೂ ಹಾಳಾಗಿರಬೇಕು, ಎಣಿಕೆ ಎರಡು ಹೆಕ್ಟೇರಿಗೆ ಮೀರಬಾರದು. ಹೆಚ್ಚು ವೆಚ್ಚಮಾಡಿದವನಿಗೆ ಹೆಚ್ಚು ಸಲ್ಲುವುದು ಲೆಕ್ಕದ ನ್ಯಾಯ; ಹೆಚ್ಚು ಬಾರಿ ಕೆಡುವವನು ಮತ್ತೊಬ್ಬನೆಂಬುದನ್ನು ಲೆಕ್ಕವು ಕಾಣದು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆನಿಸಿದಾಗ ಪರಿಹಾರದ ಹಣಕ್ಕಾಗಿ ರಾಜ್ಯವು ಸರ್ವೋಚ್ಚ ನ್ಯಾಯಾಲಯದ ಬಾಗಿಲಿಗೆ ಹೋಗಬೇಕಾಯಿತು.

2019ರ ಫೆಬ್ರವರಿಯಲ್ಲಿ ತೊಡಗಿದ ಕಿಸಾನ್ ಸಮ್ಮಾನ್ ನಿಧಿಯು ಬೇರೆ ಬಗೆಯದು. ಬೆಳೆ ಬಂದರೂ ಬಾರದಿದ್ದರೂ ವರ್ಷಕ್ಕೆ 6,000 ರೂಪಾಯಿ, ಮೂರು ಕಂತುಗಳಲ್ಲಿ, ಹಿಂದಿರುಗಿಸಬೇಕಾದುದಿಲ್ಲ. ರಾಜ್ಯವು ಸೇರಿಸಿದ್ದ 4,000 ರೂಪಾಯಿ 2023ರಲ್ಲಿ ನಿಂತುಹೋಯಿತು.

ಆದರೆ ಹಣವು ಯಾರಿಗೆ? ಸಭಾಪರ್ವದಲ್ಲಿ ನಾರದನು ಧರ್ಮರಾಯನನ್ನು ಕೇಳುವುದು ಕರ್ಷಕನಿಗೆ ಬೀಜವೂ ಅನ್ನವೂ ದೊರೆಯುವುದೇ ಎಂದು. ಕರ್ಷಕನೆಂದರೆ ಉಳುವವನು, ಧಾತುವಿನಲ್ಲಿಯೇ ನೇಗಿಲೆಳೆತವಿದೆ. ಇಂದಿನ ನಿಧಿಯು ಕೇಳುವುದು ಉತಾರದಲ್ಲಿರುವ ಹೆಸರನ್ನು. 1974ರ ತಿದ್ದುಪಡಿಯ ಭೂಸುಧಾರಣೆಯು ಗೇಣಿಯನ್ನು ಬಹುಮಟ್ಟಿಗೆ ನಿಷೇಧಿಸಿದುದರಿಂದ ಲಾವಣಿಯ ಒಪ್ಪಂದವು ಬಾಯಿಮಾತಿನದಾಗಿ ಉಳಿಯಿತು. ಉಳುವವನಲ್ಲಿ ತೋರಿಸಲು ಕಾಗದವಿಲ್ಲ. ಉಳುವವನ ಹಿತಕ್ಕೆಂದು ಮಾಡಿದ ಕಾಯಿದೆಯೇ ಅವನನ್ನು ಪಟ್ಟಿಯಿಂದ ಮರೆಮಾಡಿತು. ಬರದ ವರ್ಷದಲ್ಲಿ ಬೀಜ ಗೊಬ್ಬರಗಳ ನಷ್ಟ ಅವನದು, ಪರಿಹಾರದ ಹಣ ಹೊಲದೊಡೆಯನ ಖಾತೆಗೆ. ಅದರಲ್ಲಿ ಪಾಲು ಬರುವುದೂ ಬಾರದಿರುವುದೂ ಒಡೆಯನ ಮನಸ್ಸಿಗೆ ಸೇರಿದ್ದು.